ಮೇಜಿನ ಕೆಳಗಿನ ಫರಸಿ

ನಾನು ನಿಂತಿದ್ದದ್ದು ಶಹಾಬಾದಿನಿಂದ ಭಂಕೂರಿಗೆ ಹೋಗುವ ಬಂಡಿದಾರಿಯ ಎಡಕ್ಕೆ, ಕಲ್ಲು ಖಣಿಯ ಕೆಲಸದವರ ಓಣಿಯಲ್ಲಿರುವ ಸಣ್ಣ ಗಿರ್ಜಾದ ಒಳಗೆ. ಪಡುವಣ ಗೋಡೆಯಿಂದ ನಾಲ್ಕು ಹೆಜ್ಜೆ, ಕಿಟಕಿಯಿರುವ ಬಡಗಣ ಗೋಡೆಯಿಂದ ಐದು ಹೆಜ್ಜೆ ದೂರದಲ್ಲಿ. ಅದು ೧೯೪೬ನೆಯ ಇಸವಿಯ ಬೇಸಿಗೆ, ಈಸ್ಟರ್ ಕಳೆದ ಎರಡನೆಯ ಶನಿವಾರ. ವಾಡಿಯ ಕಡೆ ಹೋಗುವ ಮುಂಜಾನೆಯ ಪ್ಯಾಸೆಂಜರ್ ಗಾಡಿ ಹೋಗಿ ಸ್ವಲ್ಪ ಹೊತ್ತಾಗಿತ್ತು. ಬಾಗಿಲು ಮೂಡಣಕ್ಕಿರುವುದರಿಂದ ಬಿಸಿಲು ನೆಲಕ್ಕೆ ಹಾಸಿದ ಫರಸಿ ಕಲ್ಲುಗಳ ಮೂರನೆಯ ಸಾಲಿನವರೆಗೆ ಒಳಗೆ ಬಂದಿತ್ತು. ನನ್ನ ಕೈಯಲ್ಲಿ ಏನೂ ಇರಲಿಲ್ಲ. ನೆಲಕ್ಕೆ ಹಾರೆ ಹಾಕಿದವನು ನಾನಲ್ಲ; ಹಾಕಿಸಿದವನು ನಾನು.

ಈಗ ಆ ನೆಲವನ್ನು ಕಿತ್ತು ಹೊಸದು ಹಾಕುವ ಮಾತು ಎದ್ದಿದೆ. ಮಾತಾಡುವವರಲ್ಲಿ ಬಹಳ ಮಂದಿ ಆಮೇಲೆ ಬಂದವರು. ಪಡುವಣ ಗೋಡೆಯ ಹತ್ತಿರದ ಒಂದು ಫರಸಿಯ ಸುತ್ತ ಜನ ಯಾಕೆ ಜಾಗ ಬಿಟ್ಟು ಕೂರುತ್ತಾರೆ ಎಂಬುದು ಅವರಿಗೆ ಗೊತ್ತಿಲ್ಲ. ಹಾಗಾಗಿ ಕಂಡದ್ದನ್ನು ಕಂಡ ಹಾಗೆ ಬರೆದಿಡುತ್ತೇನೆ. ಕಾಣದ್ದನ್ನು ಬರೆಯುವುದಿಲ್ಲ.

ನಾನು ಆ ಭಾಗದ ಸಭೆಗಳಿಗೆ ಉಪದೇಶಿಯಾಗಿದ್ದೆ. ನಮ್ಮದು ಹಳ್ಳಿಗಾಡಿನ ಸಭಾಪ್ರಾಂತ. ಹರವು ದೊಡ್ಡದು, ಜನ ಕಡಿಮೆ. ವಾಡಿಯಲ್ಲಿ ರೈಲ್ವೆಯವರು ಕೂಡುವ ಗಿರ್ಜಾ, ಶಹಾಬಾದಿನಲ್ಲಿ ಒಂದು, ಖಣಿ ಓಣಿಯ ನಮ್ಮದೊಂದು. ಚಿತ್ತಾಪುರದಲ್ಲೂ ಸೇಡಂನಲ್ಲೂ ಯಾರದೋ ಮನೆಯ ಪಡಸಾಲೆಯಲ್ಲಿ ಪ್ರಾರ್ಥನೆ. ಚಿಂಚೋಳಿ ಕಡೆ ಐನಾಪುರದಲ್ಲಿ ಮತ್ತು ಇನ್ನೆರಡು ಹಳ್ಳಿಗಳಲ್ಲಿ ಮಣ್ಣಿನ ಗೋಡೆಯ ಪ್ರಾರ್ಥನಾ ಮನೆಗಳು. ತಿಂಗಳಲ್ಲಿ ಹತ್ತು ಹನ್ನೆರಡು ದಿನ ನಾನು ಊರಲ್ಲಿ ಇರುತ್ತಿರಲಿಲ್ಲ. ಇದ್ದ ದಿನ ಖಣಿಯವರಿಗೆ ಅಕ್ಷರ ಹೇಳಿಕೊಡುತ್ತಿದ್ದೆ. ಹೀಗಾಗಿ ಸಭೆಯವರೂ ಅಲ್ಲದವರೂ ನನ್ನನ್ನು ಮಾಸ್ತರ ಎನ್ನುತ್ತಿದ್ದರು.

ನನ್ನ ಹೆಂಡತಿ ತೀರಿಕೊಂಡದ್ದು ೧೯೩೫ರ ಮಳೆಗಾಲದಲ್ಲಿ, ಕಾಲರಾದಿಂದ. ನಾನು ಐನಾಪುರದಲ್ಲಿದ್ದೆ. ಸುದ್ದಿ ತಂದವನು ಕಾಗಿಣಾ ನದಿ ಇಳಿಯಲೆಂದು ಎರಡು ದಿನ ದಂಡೆಯಲ್ಲಿ ಕೂತಿದ್ದನಂತೆ. ನಾನು ಮರಳಿ ಬಂದಾಗ ಅವಳನ್ನು ಮಣ್ಣು ಮಾಡಿ ಐದು ದಿನವಾಗಿತ್ತು. ಮಕ್ಕಳಿರಲಿಲ್ಲ. ಅವಳ ಒಂದು ಫೋಟೋ ಕೂಡ ಇರಲಿಲ್ಲ. ಮನೆಯಲ್ಲಿ ಅವಳ ಎರಡು ಸೀರೆ ಇದ್ದವು. ಕಾಲರಾದ ಮನೆಯೆಂದು ಅವನ್ನೂ ಸುಟ್ಟಿದ್ದರು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಬರೆದಿರುವ ಜಾಗ ಬೇರೆ ಇದೆ.

ಪಕ್ಕದ ಮನೆಯಲ್ಲಿ ಒಬ್ಬ ಗೌಂಡಿ ಇದ್ದರು. ಅವರ ಹಿರಿಯರು ಕಾಗಿಣೆಯಲ್ಲಿ ಹರಿಗೋಲು ಹಾಕುತ್ತಿದ್ದವರು. ಇವರು ನೀರು ಬಿಟ್ಟು ಕಲ್ಲುಕೆಲಸಕ್ಕೆ ಬಂದವರು. ನಮ್ಮ ಸಭೆಯವರಲ್ಲ, ಆದರೂ ಗಿರ್ಜಾದ ಗೋಡೆ ಕಟ್ಟುವಾಗ ತಾವಾಗಿ ಬಂದು ಮೂಲೆಕಲ್ಲುಗಳನ್ನು ಕೂರಿಸಿಕೊಟ್ಟಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನನ್ನ ಹೆಂಡತಿಯನ್ನು ಅವರು ‘ಅವ್ವಾ’ ಎಂದೇ ಕರೆಯುತ್ತಿದ್ದರು. ನಾನಿಲ್ಲದಾಗ ಅವಳನ್ನು ಹೊತ್ತ ನಾಲ್ವರಲ್ಲಿ ಅವರೊಬ್ಬರು.

ಸಮಾಧಿಗೆ ಕಲ್ಲು ಮಾಡಿಕೊಟ್ಟದ್ದೂ ಅವರೇ. ಮೂರು ಮೊಳ ಉದ್ದದ, ಎರಡು ಬೆರಳು ದಪ್ಪದ ಶಹಾಬಾದಿ ಫರಸಿ. ಮುಂದಿನ ಮುಖವನ್ನು ಕನ್ನಡಿಯಂತೆ ಉಜ್ಜಿದರು. ನಾನು ಕೆಮ್ಮಣ್ಣು ಕಲಸಿ, ಕಡ್ಡಿಯಿಂದ ಅಕ್ಷರ ಬರೆದೆ. ಅವರಿಗೆ ಓದು ಬಾರದು. ನಾನು ಬರೆದ ಗೆರೆಯ ಮೇಲೆ ಉಳಿ ಹಿಡಿದು ಹೋದರು. ನಾನು ಅಳತೆ ತಪ್ಪಿದ್ದೆ. ಎರಡನೆಯ ಸಾಲಿನಲ್ಲಿ ಜಾಗ ಸಾಲದೆ ಕೊನೆಯ ಎರಡು ಅಕ್ಷರ ಕೆಳಗೆ ಸಣ್ಣದಾಗಿ ಬಂದವು.

‘ಮಾಸ್ತರ, ಈ ಎರಡು ಯಾಕ ಕೆಳಗ ಕುಂತಾವ?’ ಎಂದು ಕೇಳಿದರು.

‘ಮ್ಯಾಲ ಹಿಡಿಸಲಿಲ್ಲ ಕಾಕಾ.’

‘ಇರ್ಲಿ ಬಿಡ್ರಿ. ಆಕಿನೂ ಮಂದಿ ಬಂದ್ರ ತಾ ಎದ್ದು ಕೆಳಗ ಕೂಡೂಕಿನ’ ಎಂದರು. ಅವಳು ಸತ್ತ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಹೊಸ ಮಣ್ಣು ಕುಸಿಯುತ್ತದೆ, ಬೇಸಿಗೆ ಬರಲಿ, ನೆಲ ಗಟ್ಟಿಯಾದ ಮೇಲೆ ಇಡೋಣ ಎಂದರು. ಕಲ್ಲನ್ನು ಅವರ ಅಂಗಳದಲ್ಲಿ ಬೇವಿನ ಮರಕ್ಕೆ ಒರಗಿಸಿಟ್ಟೆವು. ಮಾಘ ಕಳೆದ ಮೇಲೆ ನಾನು ಚಿಂಚೋಳಿ ಕಡೆಯ ಸಭೆಗಳಿಗೆ ಹೋದೆ. ತಿಂಗಳು ಮೀರಿ ಅಲ್ಲೇ ಇರಬೇಕಾಯಿತು. ಬಂದು ನೋಡಿದರೆ ಮರ ಇತ್ತು, ಕಲ್ಲು ಇರಲಿಲ್ಲ.

ಗೌಂಡಿಯವರನ್ನು ಕೇಳಿದೆ. ‘ಖರೇ ಹೇಳ್ತೀನಿ ಮಾಸ್ತರ, ನನಗ ಗೊತ್ತಿಲ್ಲ’ ಎಂದರು. ಗಾಡಿಗೆ ಕಲ್ಲು ತುಂಬುವವರು ಅಂಗಳದ ಫರಸಿಗಳ ಜೊತೆ ಒಯ್ದಿರಬಹುದೆಂದು ತಾವೇ ಸ್ಟೇಷನ್ನಿಗೆ ಹೋಗಿ ಕೇಳಿಬಂದದ್ದಾಗಿಯೂ, ಅಲ್ಲೂ ಇಲ್ಲವೆಂದೂ ಹೇಳಿದರು. ಮೂರನೆಯ ದಿನ ಅವರ ಅಂಗಳಕ್ಕೆ ಹೋಗಿ, ಅವರ ಸೊಸೆ ಕೇಳುವ ಹಾಗೆ, ಒಂದು ಮಾತು ಆಡಿದೆ. ಅದನ್ನೂ ಇದ್ದ ಹಾಗೆ ಬರೆಯುತ್ತೇನೆ. ‘ಸತ್ತಾಕಿ ಕಲ್ಲ ಅಳಿಸಿ ಯಾರ ಮನಿ ಅಂಗಳಕ್ಕ ಹಾಕಿ ಬಂದಿ ನೀನು?’ ಎಂದೆ. ನನ್ನ ತಂದೆಯ ವಯಸ್ಸಿನವರನ್ನು ಏಕವಚನದಲ್ಲಿ ಕೇಳಿದೆ.

ಅವರು ಕೈಯಲ್ಲಿದ್ದ ಉಳಿಯನ್ನು ನೆಲಕ್ಕೆ ಇಟ್ಟರು. ‘ಈಗ ನಿಮಗ ಏನ ಹೇಳಿದ್ರೂ ಕೇಳ್ಸಂಗಿಲ್ಲ ಮಾಸ್ತರ. ಮನಿಗಿ ಹೋಗ್ರಿ’ ಎಂದರು.

ಅಂದಿನಿಂದ ಹತ್ತು ವರ್ಷ ನಾವಿಬ್ಬರೂ ಮಾತಾಡಲಿಲ್ಲ. ನಡುವೆ ಒಂದೇ ಗೋಡೆ. ಅವರು ಕೆಮ್ಮಿದರೆ ನನಗೆ ಕೇಳಿಸುತ್ತಿತ್ತು. ಅವರ ಸೊಸೆ ಹಬ್ಬಕ್ಕೆ ಹೋಳಿಗೆ ತಂದು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದಳು. ನಾನು ತಟ್ಟೆ ತೊಳೆದು ಅಲ್ಲೇ ಇಡುತ್ತಿದ್ದೆ. ನಾನು ಬೇರೆ ಕಲ್ಲು ಮಾಡಿಸಲಿಲ್ಲ. ಕದ್ದವನು ತಂದು ಕೊಡಲಿ ಎಂಬ ಹಟ. ಯುದ್ಧದ ವರ್ಷಗಳಲ್ಲಿ ಖಣಿ ಜೋರಾಗಿ ನಡೆಯಿತು. ಒಳಗಿನಿಂದ ತೆಗೆದ ಮಣ್ಣು, ಒಡಕು ಕಲ್ಲು ತಂದು ತಂದು ಸಮಾಧಿಗಳ ಮೇಲೇ ಸುರಿದರು. ಆ ನೆಲ ಕಾಗದದ ಮೇಲೆ ಎಂದೂ ನಮ್ಮದಾಗಿರಲಿಲ್ಲ, ಕೇಳಲು ಬಾಯಿ ಇರಲಿಲ್ಲ. ಎರಡು ವರ್ಷದಲ್ಲಿ ಅಲ್ಲೊಂದು ದಿಬ್ಬವಾಯಿತು. ಆಮೇಲೆ, ಅವಳು ಈ ಊರಲ್ಲಿ ಇದ್ದಳು ಎಂದು ಹೇಳಲು ಆ ಕಳೆದ ಕಲ್ಲೊಂದು ಬಿಟ್ಟರೆ ಏನೂ ಉಳಿಯಲಿಲ್ಲ. ಶಹಾಬಾದಿನಲ್ಲಿ ಯಾರ ಮನೆಗೆ ಹೋದರೂ ನಾನು ಮೊದಲು ಅಂಗಳದ ಫರಸಿ ನೋಡುತ್ತಿದ್ದೆ.

೧೯೪೬ರಲ್ಲಿ ಮೈಸೂರು ಸೀಮೆಯಿಂದ ಒಬ್ಬ ನಿವೃತ್ತ ಪಾದ್ರಿ ಅಯ್ಯನವರು ಬಂದರು. ಶಾಸನ ಓದುವ ಹವ್ಯಾಸ ಅವರಿಗೆ. ನಮ್ಮ ಸಭಾಪ್ರಾಂತದಲ್ಲಿ ನೋಡತಕ್ಕ ಹಳೆಯ ಸ್ಥಳಗಳನ್ನೂ ಗಿರ್ಜಾಗಳನ್ನೂ ಕುರಿತು ಒಂದು ಸಣ್ಣ ಪುಸ್ತಕ ಬರೆಯಬೇಕೆಂದಿದ್ದರು. ಹೊರಗಿನಿಂದ ಬರುವ ಅತಿಥಿಗಳ ಕೈಗೆ ಕೊಡಲು. ದಾರಿ ತೋರಿಸುವವನು ನಾನು. ಕಲ್ಲು ಹೊರಳಿಸಲು ಒಬ್ಬರು ಬೇಕೆಂದು ಅವರೇ ಓಣಿಯಲ್ಲಿ ವಿಚಾರಿಸಿ ಗೊತ್ತುಮಾಡಿಕೊಂಡರು. ಹೊರಡುವ ದಿನ ಶಹಾಬಾದ್ ಸ್ಟೇಷನ್ನಿನಲ್ಲಿ ಹಾರೆ ಹಿಡಿದು ನಿಂತವರು ನಮ್ಮ ಪಕ್ಕದ ಮನೆಯ ಗೌಂಡಿ. ಅಯ್ಯನವರಿಗೆ ಏನೂ ಗೊತ್ತಿರಲಿಲ್ಲ. ‘ನೀವಿಬ್ಬರೂ ನೆರೆಮನೆಯವರಂತೆ, ತುಂಬಾ ಒಳ್ಳೆಯದಾಯ್ತು’ ಎಂದರು.

ಮೊದಲು ವಾಡಿ. ರೈಲ್ವೆಯವರ ಗಿರ್ಜಾದಲ್ಲಿ ಗಂಟೆಯ ಬದಲು ಒಂದು ಹಳಿ ತುಂಡು ತೂಗುಹಾಕಿತ್ತು. ಒಳಗೆ ಕಲ್ಲಿದ್ದಲ ಹೊಗೆಯ ವಾಸನೆ. ಗೋಡೆಯಲ್ಲಿ ಯಾರೋ ಇಂಜಿನ್ ಡ್ರೈವರನ ನೆನಪಿನ ಹಿತ್ತಾಳೆಯ ಹಲಗೆ ಇತ್ತು. ಅದನ್ನು ದಿನಾ ಉಜ್ಜುವವರಿದ್ದಾರೆಂದು ಅದರ ಹೊಳಪೇ ಹೇಳುತ್ತಿತ್ತು. ನಾನು ಅದನ್ನು ಹೆಚ್ಚು ಹೊತ್ತು ನೋಡಲಿಲ್ಲ. ಹೊರಗೆ ಸ್ಟೇಷನ್ನಿನ ಫರಸಿ ತುಳಿಯುತ್ತ ಗೌಂಡಿಯವರು ಅಯ್ಯನವರಿಗೆ ಹೇಳಿದರು: ‘ಇದೆಲ್ಲ ನಾನ ಹಾಸಿದ್ದರಿ. ಆ ವರ್ಷ ಒಂದ ತಿಂಗಳ ಮನಿ ಬಿಟ್ಟು ಇಲ್ಲೇ ಬಿದ್ದಿದ್ದೆ.’ ಆ ವರ್ಷ, ಅಂದರೆ ಕಲ್ಲು ಕಾಣೆಯಾದ ವರ್ಷ, ಎಂದದ್ದು ನನಗೆ ಕೇಳಿಸಲೆಂದು. ಕೇಳಿಸಿತು. ತಪ್ಪಿಸಿಕೊಳ್ಳುವ ಮಾತು ಎಂದುಕೊಂಡೆ.

ಚಿತ್ತಾಪುರದಲ್ಲಿ ಇಳಿದು ನಾಗಾವಿಗೆ ಹೋದೆವು. ಅಲ್ಲಿ ಬಯಲಿನಲ್ಲಿ ಸಾಲು ಸಾಲು ಹಳೆಯ ಕಂಬಗಳು. ಒಂದು ಕಾಲಕ್ಕೆ ದೊಡ್ಡ ವಿದ್ಯಾಸ್ಥಳವಾಗಿತ್ತೆಂದು ಅಯ್ಯನವರು ಹೇಳಿದರು. ಈಗ ಕಂಬಗಳ ನೆರಳಿನಲ್ಲಿ ಎಮ್ಮೆ ಮಲಗಿದ್ದವು. ಅಯ್ಯನವರು ಶಾಸನದ ಕಲ್ಲನ್ನು ತೊಳೆದು, ಒದ್ದೆ ಕಾಗದ ಅಂಟಿಸಿ, ಗಟ್ಟಿ ಕುಂಚದಿಂದ ಬಡಿದರು. ಕಾಗದ ಅಕ್ಷರದ ತಗ್ಗಿಗೆ ಇಳಿಯಿತು. ಮೇಲೆ ಮಸಿಯ ಗಂಟು ಒತ್ತಿದಾಗ ಸುತ್ತ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿದವು. ‘ಸಾವಿರ ವರ್ಷದ ಹಿಂದೆ ಯಾರೋ ಸತ್ತಿದ್ದಾನೆ, ಅವನ ಹೆಸರು ನೋಡಿ ಎಷ್ಟು ನಿಚ್ಚಳ’ ಎಂದರು.

‘ಅಯ್ಯನವರ, ಅವರಿಗಿ ಹೇಳ್ರಿ’ ಎಂದರು ಗೌಂಡಿಯವರು, ನನ್ನ ಕಡೆ ನೋಡದೆ. ‘ಇಷ್ಟ ಕಲ್ಲ ಬಯಲಾಗ ಬಿದ್ದಾವ. ಕಳ್ಳ ಆಗಿದ್ರ ನಾ ಇಲ್ಲೇ ಮನಿ ಮಾಡ್ತಿದ್ದೆ.’

‘ಯಾಕಪ್ಪ, ಪಕ್ಕದಲ್ಲೇ ಇದ್ದಾರಲ್ಲ, ನೀನೇ ಹೇಳು.’

‘ನಂದು ಅವರಿಗಿ ಕೇಳ್ಸಂಗಿಲ್ಲರಿ. ಹತ್ತ ವರ್ಷ ಆಯ್ತು ಕಿವಿ ಹೋಗಿ.’

ಅಯ್ಯನವರು ನನ್ನ ಮುಖ ನೋಡಿದರು. ನಾನು ಕಾಗದ ಸುತ್ತುತ್ತಿದ್ದೆ. ‘ಅಯ್ಯನವರೇ, ಅವರಿಗಿ ಹೇಳ್ರಿ, ಕಿವಿ ಇನ್ನೂ ಗಟ್ಟಿ ಅದ ಅಂತ’ ಎಂದೆ. ಆ ದಿನದಿಂದ ಅಯ್ಯನವರು ನಮ್ಮ ನಡುವಿನ ಟಪಾಲಿನವರಾದರು. ಅವರಿಗೂ ಬೇಸರವಿಲ್ಲದ ಕೆಲಸ ಅದು, ಅಷ್ಟು ಮಾತಿನ ಮನುಷ್ಯ.

ಮಳಖೇಡದಲ್ಲಿ ಕಾಗಿಣೆ ಇಳಿದಿತ್ತು. ಕೋಟೆಯ ಗೋಡೆ, ಬಸದಿ, ದರ್ಗಾ ಎಲ್ಲ ಒಂದೇ ಊರಿನ ಒಳಗೆ ಒತ್ತಾಗಿ ಇರುವುದನ್ನು ಕಂಡು ಅಯ್ಯನವರು ಬಹಳ ಹೊತ್ತು ಬರೆದುಕೊಂಡರು. ಗೌಂಡಿಯವರು ನದಿಗೆ ಇಳಿದು, ಎಲ್ಲಿ ಮೊಳಕಾಲುದ್ದ ಎಲ್ಲಿ ಸೊಂಟದುದ್ದ ಎಂದು ಕಾಲಿನಿಂದಲೇ ಹುಡುಕಿ ನಮ್ಮನ್ನು ದಾಟಿಸಿದರು. ನಡುನೀರಿನಲ್ಲಿ ನನ್ನ ಕಾಲು ಜಾರಿತು. ಅವರ ಕೈ ನನ್ನ ಮೊಣಕೈ ಹಿಡಿಯಿತು. ದಂಡೆ ಸಿಕ್ಕಿದೊಡನೆ ಬಿಟ್ಟಿತು. ಇದೇ ನೀರು ಇಳಿಯಲೆಂದು ಹತ್ತು ವರ್ಷದ ಹಿಂದೆ ಸುದ್ದಿಯವನು ಇದೇ ದಂಡೆಯ ಮೇಲೆ ಕೂತಿದ್ದ.

ಸೇಡಂನಲ್ಲಿ ಹಳೆಯ ಗುಡಿಗಳನ್ನು ನೋಡಿದೆವು. ಪ್ರಾರ್ಥನೆಗೆ ಆರು ಜನ ಬಂದಿದ್ದರು, ಅದರಲ್ಲಿ ಇಬ್ಬರು ಅಯ್ಯನವರ ಮೈಸೂರು ಮಾತು ಕೇಳಲೆಂದೇ ಬಂದವರು. ಅಲ್ಲಿಂದ ಎತ್ತಿನ ಬಂಡಿಯಲ್ಲಿ ಚಿಂಚೋಳಿ ತಾಲೂಕಿಗೆ.

ಚಿಮ್ಮನಚೋಡಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನಮ್ಮ ಪ್ರಾರ್ಥನಾ ಮನೆಯಿದೆ. ಅದನ್ನು ಗುಡಿಸಿ ಸಾರಿಸುವ ಮುದುಕಿಯನ್ನು ಅಯ್ಯನವರು, ಈ ಊರಲ್ಲಿ ಅಕ್ಷರದ ಕಲ್ಲು ಇದೆಯೇ ಎಂದು ಕೇಳಿದರು. ‘ಇತ್ತರಿ. ನಾ ಮದಿವ್ಯಾಗಿ ಬಂದಾಗ ಬಾವಿ ಹತ್ರ ನಿಂತಿತ್ತು. ಎಲ್ಲಿ ಹೋಯ್ತೋ’ ಎಂದಳು. ಅಯ್ಯನವರು ಬಾವಿಯ ಸುತ್ತ ಹುಡುಕಿದರು, ಹೊಲದ ಬದುವಿನಲ್ಲಿ ಹುಡುಕಿದರು. ಗೌಂಡಿಯವರು ಎಲ್ಲೂ ಹೋಗಲಿಲ್ಲ. ಪ್ರಾರ್ಥನಾ ಮನೆಯ ಬಾಗಿಲ ಮುಂದಿನ ಮೆಟ್ಟಿಲನ್ನು ನೋಡುತ್ತ ಕೂತಿದ್ದರು. ಅಯ್ಯನವರು ಬೆವರಿ ಮರಳಿದಾಗ, ‘ಇದ ಇರಬೇಕ ನೋಡ್ರಿ’ ಎಂದು ಹಾರೆಯಿಂದ ಮೆಟ್ಟಿಲನ್ನು ತಟ್ಟಿದರು.

ಎತ್ತಿ ಹೊರಳಿಸಿದರು. ಕೆಳಮುಖದ ತುಂಬ ಹಳಗನ್ನಡದ ಅಕ್ಷರ. ಅಯ್ಯನವರು ಮಂಡಿಯೂರಿ ಕೂತುಬಿಟ್ಟರು.

‘ನಿನಗೆ ಹೇಗಪ್ಪ ತಿಳೀತು?’

‘ಒರಟ ಬೆನ್ನು ಮ್ಯಾಲ ಅದರಿ. ಮೆಟ್ಟಲಕ್ಕ ಯಾರರೆ ಒರಟ ಬದಿ ಮ್ಯಾಲ ಮಾಡಿ ಹಾಕ್ತಾರೇನು? ನುಣುಪಾದ ಮುಖಾ ಕೆಳಗ ಮಾಡ್ಯಾರಂದ್ರ, ಅದರಾಗ ಏನರೆ ಬರದಿರಬೇಕು. ಬರದದ್ದರ ಮ್ಯಾಲ ಕಾಲ ಇಡಬಾರದಲ್ಲರಿ.’

‘ಹಾಗೆಂದು ಮುಚ್ಚಿ ಹಾಕುವುದೇ?’

‘ಮತ್ತ ಏನ್ ಮಾಡೂದು? ಕಲ್ಲ ಬೇಕು, ಅಕ್ಷರಕ್ಕ ಕಾಲ ಹತ್ತಬಾರದು. ನಮ್ಮ ಮಂದಿ ಎಲ್ಲಾ ಹಂಗ ಮಾಡ್ತೀವಿ. ಉರ್ದು ಇರ್ಲಿ, ಕನ್ನಡ ಇರ್ಲಿ, ನಮಗೇನ್ ಓದ್ಲಿಕ್ಕ ಬರ್ತದ? ಬರದದ್ದಂದ್ರ ಬರದದ್ದು. ಕೈ ಮುಗದು ಮಕಾಡಿ ಮಲಗಿಸ್ತೀವಿ.’

ನಾನು ನಿಂತಿದ್ದದ್ದು ಮೆಟ್ಟಿಲಿನಿಂದ ಮೂರು ಮಾರು ದೂರದಲ್ಲಿ, ಬಂಡಿಯ ಗಾಲಿ ಹಿಡಿದುಕೊಂಡು. ಹೊತ್ತು ನೆತ್ತಿಗೆ ಬಂದಿತ್ತು. ನನಗೆ ನೆನಪಾದದ್ದು ನಮ್ಮ ಗಿರ್ಜಾದ ಒಂದು ಫರಸಿ. ಕಲ್ಲು ಕಾಣೆಯಾದ ಆ ತಿಂಗಳಲ್ಲೇ, ನಾನು ಊರಲ್ಲಿ ಇಲ್ಲದಾಗ, ಹಾಸಿದ ನೆಲ ಅದು. ಇಡೀ ನೆಲ ನುಣುಪಾಗಿದೆ. ಅದೊಂದು ಮಾತ್ರ ಒರಟು. ಕೂತರೆ ಸೀರೆ ಎಳೆ ಬಿಡುತ್ತದೆಂದು ಹೆಣ್ಣುಮಕ್ಕಳು ಅದರ ಮೇಲೆ ಕೂರುತ್ತಿರಲಿಲ್ಲ. ಯಾರೂ ಕೂರದ ಜಾಗವೆಂದು ನಾನು ಅಲ್ಲಿ ನನ್ನ ಮೇಜು ಇಟ್ಟುಕೊಂಡಿದ್ದೆ. ಪ್ರತಿ ಭಾನುವಾರ ಆ ಫರಸಿಯ ಮೇಲೆ ನಿಂತು ಓದುತ್ತಿದ್ದೆ, ಪ್ರಾರ್ಥಿಸುತ್ತಿದ್ದೆ. ಹತ್ತು ವರ್ಷದ ಭಾನುವಾರಗಳು. ಉಪದೇಶ ಉದ್ದವಾದ ದಿನ ಕಾಲು ನೋಯುತ್ತಿತ್ತು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದೆ. ಅದೂ ನೆನಪಾಯಿತು.

ನಾನು ನೇರವಾಗಿ ಗೌಂಡಿಯವರನ್ನೇ ಕೇಳಿದೆ. ‘ಗಿರ್ಜಾದ ನೆಲ ಹಾಸಿದವರು ಯಾರು?’

ಅವರು ನನ್ನ ದನಿ ತಮ್ಮ ಕಡೆಗೇ ಬಂದದ್ದೆಂದು ಖಾತ್ರಿ ಮಾಡಿಕೊಳ್ಳುವ ಹಾಗೆ ಅಯ್ಯನವರನ್ನು ಒಮ್ಮೆ ನೋಡಿದರು.

‘ನಾ ಅಲ್ಲ. ನಾ ವಾಡ್ಯಾಗಿದ್ದೆ. ನಮ್ಮಣ್ಣನ ಮಗ ಹಾಸಿದ. ಅದ ಮುಗಿಸಿ ಅಂವ ಸೊಲ್ಲಾಪುರದ ಗಿರಣಿಗಿ ಹೋದ.’

‘ಫರಸಿ ಎಲ್ಲಿಂದ ತಂದ?’

‘ಖಣಿದು. ಕಡಿಮಿ ಬಿದ್ದದ್ದು ನಮ್ಮ ಅಂಗಳದ್ದು.’ ಇಷ್ಟು ಹೇಳಿ ಅವರು ನಿಲ್ಲಿಸಿದರು. ಹಾರೆಯನ್ನು ನೆಲಕ್ಕೆ ಊರಿ, ಅದರ ಮೇಲೆ ಎರಡೂ ಕೈ ಇಟ್ಟು, ತಲೆ ಬಗ್ಗಿಸಿದರು. ನನ್ನ ಮೇಜಿನ ಕೆಳಗಿನ ಫರಸಿ ಒರಟು ಎಂಬುದು ಅವರಿಗೆ ಗೊತ್ತಿರಲಿಲ್ಲ. ನನ್ನ ಮಾತಿನ ದಿನದಿಂದ ಅವರು ಗಿರ್ಜಾದೊಳಗೆ ಕಾಲಿಟ್ಟಿರಲಿಲ್ಲ. ಇಟ್ಟಿದ್ದರೆ, ಬಾಗಿಲಲ್ಲಿ ನಿಂತೇ ಕಂಡುಹಿಡಿಯುತ್ತಿದ್ದರು. ಹೊರಗಿಟ್ಟವನು ನಾನು.

‘ಮಾಸ್ತರ, ನಿಮ್ಮ ಮೇಜಿನ ಕೆಳಗ ಏನದ?’ ಎಂದು ಕೇಳಿದರು.

‘ಒರಟ ಬೆನ್ನು ಮ್ಯಾಲ ಅದ’ ಎಂದೆ.

ಅಯ್ಯನವರಿಗೆ ನಾನೇ ಎಲ್ಲ ಹೇಳಬೇಕಾಯಿತು. ಐನಾಪುರಕ್ಕೆ ಹೋಗುವುದನ್ನು ಬಿಟ್ಟು ಮರಳಿದೆವು. ಬಂಡಿಯಲ್ಲಿ ಗೌಂಡಿಯವರು ನನ್ನ ಎದುರು ಕೂತಿದ್ದರು. ಒಮ್ಮೆ, ‘ಇಲ್ದಿದ್ರ?’ ಎಂದರು. ಸ್ವಲ್ಪ ಹೊತ್ತಿನ ಮೇಲೆ, ‘ಇಲ್ದಿದ್ರ ಮತ್ತ ನಾನ ಕಳ್ಳ’ ಎಂದು ತಾವೇ ಉತ್ತರಿಸಿಕೊಂಡರು. ಅಲ್ಲ ಎಂದು ಹೇಳಬೇಕಿತ್ತು. ನಾನು ಹೇಳಲಿಲ್ಲ. ಇದನ್ನೂ ಬಚ್ಚಿಡುವುದಿಲ್ಲ.

ಶನಿವಾರ ಮುಂಜಾನೆ ಗಿರ್ಜಾದ ಬೀಗ ತೆಗೆದವರು ಸಭೆಯ ಹಿರಿಯರು. ಆರಾಧನೆಯ ನೆಲಕ್ಕೆ ಹಾರೆ ಹಾಕುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ‘ಒಂದ ಕಲ್ಲಿನ ಸಲ್ಯಾಕ ನೆಲಾ ಕೆಡಸ್ತೀರಿ’ ಎಂದರು. ಅಯ್ಯನವರು ಹೊಣೆ ತಮ್ಮದೆಂದರು. ಮೇಜನ್ನು ನಾನು ಮತ್ತು ಹಿರಿಯರು ಎತ್ತಿ ಪಕ್ಕಕ್ಕಿಟ್ಟೆವು. ಗೌಂಡಿಯವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಅವರ ಸೊಸೆ ನೀರಿನ ಕೊಡ ಹಿಡಿದು ಹಿಂದೆ ಬಂದಳು. ಅವರು ಫರಸಿಯ ಮೇಲೆ ಅಂಗೈ ಆಡಿಸಿದರು. ಅಂಚನ್ನು ಹೆಬ್ಬೆರಳಿನಿಂದ ಅಳೆದರು. ಗೇಣು ಇಟ್ಟು ಉದ್ದ ನೋಡಿದರು. ಸಂದಿಯ ಗಚ್ಚನ್ನು ಉಳಿಯಿಂದ ಬಿಡಿಸಲು ಬಹಳ ಹೊತ್ತು ಹಿಡಿಯಿತು. ಒಂದು ಮೂಲೆಯೂ ಮುರಿಯದಂತೆ ಮಾಡಿದರು. ಆಮೇಲೆ ಹಾರೆ ಹಾಕಿದರು.

ಕಲ್ಲು ಎದ್ದಿತು. ಅದನ್ನು ನಿಲ್ಲಿಸಿ ನನ್ನ ಕಡೆ ತಿರುಗಿಸಿದರು.

ಸುಣ್ಣದ ಗಚ್ಚು ಮೆತ್ತಿಕೊಂಡಿತ್ತು. ಸೊಸೆ ನೀರು ಹಾಕಿದಳು, ಅವರು ಕೈಯಿಂದ ಉಜ್ಜಿದರು. ಮೊದಲು ಶಿಲುಬೆಯ ಗುರುತು ಕಂಡಿತು, ಆಮೇಲೆ ಅವಳ ಹೆಸರು, ಎರಡನೆಯ ಸಾಲು, ಕೆಳಗೆ ಸಣ್ಣದಾಗಿ ಎರಡು ಅಕ್ಷರ. ಮಳೆ ಬಿಸಿಲು ಕಾಣದ್ದರಿಂದ ಉಳಿಯ ಅಂಚು ನಿನ್ನೆ ಕೊರೆದ ಹಾಗಿತ್ತು. ಸಮಾಧಿಯ ಮೇಲೆ ಇಟ್ಟಿದ್ದರೆ ಆ ದಿಬ್ಬದ ಕೆಳಗೆ ಹೋಗಿರುತ್ತಿತ್ತು.

ಅಯ್ಯನವರು ನೆಲ ನೋಡುತ್ತಿದ್ದರು. ನನ್ನನ್ನು ಕರೆದು ತೋರಿಸಿದರು. ಕಲ್ಲು ಮಲಗಿದ್ದ ಗಚ್ಚಿನ ಹಾಸಿನಲ್ಲಿ ಅದೇ ಅಕ್ಷರಗಳು ಉಬ್ಬಿಕೊಂಡು, ಎಡಬಲ ತಿರುಗಿ, ಮೂಡಿದ್ದವು. ಹಸಿ ಗಚ್ಚು ಅಕ್ಷರದ ತಗ್ಗಿಗೆ ಇಳಿದು ಗಟ್ಟಿಯಾಗಿತ್ತು. ನಾನು ಬಗ್ಗಿ ಅದನ್ನು ಮುಟ್ಟಿದೆ. ಮುಟ್ಟಿದಲ್ಲಿ ಒಂದು ಅಕ್ಷರದ ಕೊಂಬು ಪುಡಿಯಾಗಿ ಬೆರಳಿಗೆ ಅಂಟಿತು. ಮತ್ತೆ ಮುಟ್ಟಲಿಲ್ಲ.

‘ಅಚ್ಚು ತೆಗೆಯಲೇ?’ ಎಂದು ಅಯ್ಯನವರು ಮೆಲ್ಲಗೆ ಕೇಳಿದರು. ಬೇಡ ಎಂದೆ.

ಗೌಂಡಿಯವರು ಕಲ್ಲನ್ನು ಹಿಡಿದೇ ಕೂತಿದ್ದರು. ಕೆಳಗಿನ ಸಣ್ಣ ಅಕ್ಷರಗಳ ಮೇಲೆ ಅವರ ಬೆರಳಿತ್ತು. ‘ಇವ ಎರಡು’ ಎಂದರು, ಅಷ್ಟೇ. ಅವರ ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲ ಕಡೆ ತಿರುಗಿದಳು. ನಾನು ಆಡಬೇಕಾದ ಮಾತು ಎಷ್ಟೋ ಇತ್ತು; ಬಂಡಿಯಲ್ಲಿ ಬರುವಾಗ ಜೋಡಿಸಿಕೊಂಡೂ ಇದ್ದೆ. ಬಾಯಿಗೆ ಬಂದದ್ದು ಇಷ್ಟು.

‘ಕಾಕಾ, ಇದನ್ನ ಎಲ್ಲಿ ಇಡೂಣು?’

ಅವರು ನನ್ನನ್ನು ನೋಡಿದರು. ‘ಹತ್ತ ವರ್ಷ ಬೇಕಾತಲ್ಲರಿ ಕಾಕಾ ಅನ್ಲಿಕ್ಕ’ ಎಂದರು. ಆಮೇಲೆ ಕೆಲಸದ ದನಿಯಲ್ಲಿ, ‘ಆ ದಿಬ್ಬದ ಮ್ಯಾಲ ಇಟ್ರ ಉಳ್ಯಂಗಿಲ್ಲ. ನಾಳಿ ಅದರ ಮ್ಯಾಲೂ ಕಲ್ಲ ಸುರೀತಾರ. ಗ್ವಾಡ್ಯಾಗ ಕೂಡ್ಸಿದ್ರ ಗ್ವಾಡಿ ಮಣ್ಣಿಂದು, ತಡ್ಯಂಗಿಲ್ಲ’ ಎಂದರು.

‘ಇಲ್ಲೇ ಹಾಕ್ರಿ. ಮುಖಾ ಮ್ಯಾಲ ಮಾಡಿ.’

‘ಮ್ಯಾಲ ಮಾಡಿದ್ರ ಅದರ ಮ್ಯಾಲ ಯಾರೂ ಕಾಲ ಇಡಂಗಿಲ್ಲ ಮಾಸ್ತರ. ಕೂಡಂಗಿಲ್ಲ, ನಿಂದ್ರಂಗಿಲ್ಲ. ಆ ಜಾಗಾ ಖಾಲಿನ ಉಳೀತದ.’

‘ಉಳೀಲಿ.’

ಹೊಸ ಗಚ್ಚು ಹಾಕಿ ಕೂರಿಸಿದರು. ಹಳೆಯ ಹಾಸನ್ನು ಕೆದರಿ ತೆಗೆಯಬೇಕಾಯಿತು. ಆಗ ನಾನು ಹೊರಗೆ ಹೋಗಿ ನಿಂತೆ. ನೀರುಮಟ್ಟ ನೋಡಿ, ಸಂದಿ ತುಂಬಿ, ಅವರು ಎದ್ದಾಗ ಮಧ್ಯಾಹ್ನವಾಗಿತ್ತು. ನನ್ನ ಮೇಜನ್ನು ತೆಂಕಣ ಗೋಡೆಯ ಕಡೆ ಸರಿಸಿದೆವು. ಮರುದಿನ ಭಾನುವಾರ ಜನ ಬಂದರು, ನೋಡಿದರು. ಅದರ ಸುತ್ತ ಒಂದು ಗೇಣು ಬಿಟ್ಟು ಕೂತರು. ಇವತ್ತಿಗೂ ಹಾಗೇ. ಸಭೆ ತುಂಬಿ ಜನ ಹೊರಗೆ ನಿಂತ ಕ್ರಿಸ್ಮಸ್ಸಿನಲ್ಲೂ ಆ ಒಂದು ಜಾಗ ಖಾಲಿ. ಓದುವಾಗ ತಲೆಯೆತ್ತಿದರೆ ಅಷ್ಟು ಜನರ ನಡುವೆ ಮೊದಲು ಕಾಣುವುದು ಅದು.

ಕಾಕಾ ಮತ್ತು ನಾನು ಆಮೇಲೆ ದಿನಾ ಮಾತಾಡಿದೆವು, ಆದರೆ ಮೊದಲಿನ ಹಾಗಲ್ಲ. ಇಬ್ಬರೂ ಮಾತನ್ನು ತೂಗಿ ಆಡುತ್ತಿದ್ದೆವು. ಸಂಜೆ ಅವರು ಕಟ್ಟೆಗೆ ಬಂದು ಕೂರುತ್ತಿದ್ದರು. ನಾನು ಸುದ್ದಿಪತ್ರಿಕೆ ಓದಿ ಹೇಳುತ್ತಿದ್ದೆ. ಅವಳ ಮಾತು ಬಂದಾಗ ನಾನು ಪುಟ ತಿರುಗಿಸುತ್ತಿದ್ದೆ.

ಅಯ್ಯನವರ ಪುಸ್ತಕ ಮುಂದಿನ ವರ್ಷ ಅಚ್ಚಾಗಿ ಬಂತು. ನಾಗಾವಿಗೆ ಮೂರು ಪುಟ, ಮಳಖೇಡಕ್ಕೆ ಐದು, ವಾಡಿಯ ಗಿರ್ಜಾಕ್ಕೆ ಅರ್ಧ ಪುಟ. ಚಿಮ್ಮನಚೋಡದ ದಾರಿಯ ಮೆಟ್ಟಿಲಿನ ಶಾಸನವೂ ಇದೆ. ನಮ್ಮ ಗಿರ್ಜಾದ ಬಗ್ಗೆ ಒಂದೇ ಸಾಲು: ‘ಚಿಕ್ಕದು, ನೆಲ ಶಹಾಬಾದಿ ಫರಸಿಯದು, ಚೊಕ್ಕವಾಗಿದೆ.’ ಹೆಚ್ಚು ಬರೆಯಬೇಡಿ ಎಂದು ನಾನೇ ಕೇಳಿಕೊಂಡಿದ್ದೆ. ಬರೆಯಲು ಹೇಳಬೇಕಿತ್ತೋ ಏನೋ. ಹೇಳಿದ್ದರೆ ಇಂದು ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ಆ ಶನಿವಾರ ಕಲ್ಲು ಏಳುವುದನ್ನು ಕಂಡವರು ಐವರು. ಅಯ್ಯನವರು ತಮ್ಮ ಊರಲ್ಲಿ ತೀರಿಕೊಂಡರೆಂದು ಅವರ ಮಗಳು ಕಾಗದ ಬರೆದಳು. ಸಭೆಯ ಹಿರಿಯರು ೧೯೪೮ರ ರಜಾಕಾರರ ಗದ್ದಲದಲ್ಲಿ ಸಂಸಾರ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಹೋದರು. ಆಮೇಲೆ ಸುದ್ದಿಯಿಲ್ಲ, ಇರುವರೆಂದಾಗಲಿ ಇಲ್ಲವೆಂದಾಗಲಿ ನಾನು ಹೇಳಲಾರೆ. ಕಾಕಾ ಅದರ ಮುಂದಿನ ವರ್ಷ ಚಳಿಗಾಲದಲ್ಲಿ ತೀರಿಕೊಂಡರು. ಈ ಸಲ ನಾನು ಊರಲ್ಲಿದ್ದೆ, ಹೊತ್ತವರಲ್ಲಿ ನಾನೊಬ್ಬ. ಉಳಿದವರು ನಾನು ಮತ್ತು ಅವರ ಸೊಸೆ. ಅವಳು ಅದೇ ಮನೆಯಲ್ಲಿ, ಬೇವಿನ ಮರದ ಹಿಂದೆ, ಇದ್ದಾಳೆ. ಅವಳಿಗೂ ಓದು ಬಾರದು. ಆದರೆ ಆ ಹೊತ್ತಿಗೆ ನಾನಿಲ್ಲದಿದ್ದರೆ, ನೆಲ ಕೀಳುವ ಮೊದಲು ಅವಳನ್ನು ಕರೆಯಿರಿ. ಯಾವ ಕಲ್ಲು ಎಂದರೆ, ಬಂದು ಅದರ ಪಕ್ಕದಲ್ಲಿ ನಿಲ್ಲುತ್ತಾಳೆ.